ಸೀನಿದ್ದಕ್ಕೆ ಬಂದ ನೀರುನಾಯಿಗಳು

ಶನಿವಾರ, ಮಾರ್ಚ್ ೮

ಬಾಯಿ ಮುಚ್ಚಿಕೊಂಡಿರಬೇಕಿತ್ತೇನೋ. ನದಿ ಕಡಲು ಸೇರುವಲ್ಲಿ ನೀರುನಾಯಿಯ ಫೋಟೊ ತೆಗೆಯುವುದು ಚಿಕ್ಕಪ್ಪನ ಬಹುದಿನದ ಆಸೆ. "ಅಲ್ಲಾಡಿದ್ರೆ ನಾಳೆನೇ ನಿನ್ನ ಊರಿನ ಬಸ್ ಹತ್ತಿಸ್ತೀನಿ" ಎಂದಿದ್ದರು. ಒಂದು ಕಡೆ ಕೂರಲಾಗದೆ ಶಾಲೆಯನ್ನೇ ಬಿಟ್ಟವನು ನಾನು. ಆದರೂ ಬೆಳಗಿನಿಂದ ಮರಳುದಿಬ್ಬದ ಹಿಂದೆ ಬೋರಲು ಮಲಗಿದ್ದೆ. ಮೂಗಿಗೆ ಮರಳು ಹೋಗಿ ಜೋರಾಗಿ ಸೀನಿದೆ. ಚಿಕ್ಕಪ್ಪ ಕಣ್ಣಲ್ಲೇ ಸುಟ್ಟರು. ಅಷ್ಟರಲ್ಲಿ ಯಾರಪ್ಪಾ ಅದು ಎನ್ನುವಂತೆ ನೀರಿನಿಂದ ಮೂರು ತಲೆಗಳು ಎದ್ದವು! ಚಿಕ್ಕಪ್ಪ ಪಟಪಟನೆ ಫೋಟೊ ತೆಗೆದರು.

ಊಟಕ್ಕೆ ಕೂತಾಗ, "ಎಲ್ಲಾ ನನ್ನ ತಾಳ್ಮೆ ಕಣೇ" ಎಂದು ಚಿಕ್ಕಮ್ಮನ ಮುಂದೆ ಕೊಚ್ಚಿಕೊಂಡರು.

"ತಾಳ್ಮೆ ಅಲ್ಲ ಚಿಕ್ಕಮ್ಮ, ನನ್ನ ಸೀನು" ಎಂದೆ.

ನಕ್ಕು ನಕ್ಕು ಚಿಕ್ಕಮ್ಮನಿಗೆ ನೀರು ನೆತ್ತಿಗೇರಿತು. ಚಿಕ್ಕಪ್ಪ ಮುಖ ಊದಿಸಿಕೊಂಡು ಎದ್ದುಹೋದರು. ಬಸ್ಸೇ ಗತಿ ಎಂದುಕೊಂಡೆ.

ಈಗ ಬಾಗಿಲಾಚೆಯಿಂದ ಅವರ ದನಿ: "ಮಲಗೋ ಬಾಯಿಬಡುಕ, ಬೆಳಿಗ್ಗೆ ಮತ್ತೆ ಹೋಗ್ಬೇಕು. ನಾನು ಹೇಳಿದಾಗ ಮಾತ್ರ ಸೀನು."

ಹೇಳಿದಾಗಲೆಲ್ಲ ಸೀನು ಬರುವುದಿಲ್ಲವೆಂದು ಅವರಿಗೆ ಈಗಲೇ ಹೇಳಿಬಿಡಬೇಕು, ಇಲ್ಲದಿದ್ದರೆ ನನಗೆ ನಿದ್ದೆ ಹತ್ತುವುದಿಲ್ಲ.