ಚೆಲ್ಲಬೇಕಾದ ನೀರು

ಮಾರ್ಚ್ 4, ಬೆಳಿಗ್ಗೆ
ಮತ್ತೆ ಗೊರಕೆ. ಶವಾಸನ ಅಂದರೆ ನಮ್ಮ ಯಜಮಾನರಿಗೆ ನಿದ್ದೆಯ ಲೈಸೆನ್ಸು. ಪಕ್ಕದ ಚಾಪೆಯವರು ನಗು ತಡೆಯಲಾಗದೆ ಕೆಮ್ಮಿದರು. ಪ್ರಕೃತಿ ಚಿಕಿತ್ಸೆಯ ಡಾಕ್ಟರಮ್ಮ ಮಾತ್ರ, "ಮಲಗ್ಲಿ ಬಿಡಿ. ಬಿಪಿ ಇಳಿದ್ರೆ ಕಿಡ್ನಿಗೂ ಒಳ್ಳೇದು. ಮಾತ್ರೆ ಮಾತ್ರ ಬಿಡ್ಬೇಡಿ, ಇದು ಅದರ ಜೊತೆಗೆ" ಅಂದರು. ಇವರ ಎರಡೂ ಕಿಡ್ನಿಗಳು ಸೊರಗಿವೆ. ಉಳಿದಷ್ಟನ್ನು ಕಾಪಾಡಿಕೊಂಡರೆ ಡಯಾಲಿಸಿಸ್ ದೂರ.

ಮಾರ್ಚ್ 9
ಹೊಸ ಪಥ್ಯ. ಉಪ್ಪು ಮೊದಲೇ ಬಂದ್, ನನಗೂ ಸೇರಿ. ಈಗ ತರಕಾರಿ ಬೇಯಿಸಿ, ಬಸಿದು, ಆ ನೀರು ಚೆಲ್ಲಬೇಕು — ಸೊರಗಿದ ಕಿಡ್ನಿ ಹೊರಹಾಕಲಾರದ ಪೊಟ್ಯಾಶಿಯಂ ಅದರ ಜೊತೆ ಹೋಗುತ್ತದಂತೆ. ಹೋಟೆಲಿನ ಹೆಡ್ ಕುಕ್ ಆಗಿದ್ದವರಿಗೆ ಇದನ್ನು ಹೇಳುವುದು ನನ್ನ ಗ್ರಹಚಾರ.
"ರುಚಿಯೆಲ್ಲಾ ಅದರಲ್ಲೇ ಇರೋದು ಕಣೇ!" ಮುಖ ಊದಿಸಿಕೊಂಡರು. ಆಮೇಲೆ, "ಅಡುಗೆ ನಂಗೆ ಬಿಡು."
ಬಿಟ್ಟೆ.

ಮಾರ್ಚ್ 15
ಉಪ್ಪಿಲ್ಲದೆಯೂ ಗ್ರೇವಿ ಏನು ರುಚಿ! ಕೈಗುಣ ಅಂದರೆ ಇದು. ಹೇಳಲಿಲ್ಲ, ತಲೆಗೇರಿಸಿಕೊಳ್ಳುತ್ತಾರೆ.

ಮಾರ್ಚ್ 23, ಮಧ್ಯಾಹ್ನ
ಪೊಟ್ಯಾಶಿಯಂ ಏರಿದೆ. ಇವತ್ತೇ ಅಡ್ಮಿಟ್. "ಇನ್ನೂ ಏರಿದ್ರೆ ಹಾರ್ಟ್ ನಿಲ್ಬಹುದು" ಅಂದರು ಕಿಡ್ನಿ ಡಾಕ್ಟರು. ಮಾತ್ರೆ ತಪ್ಪಿಲ್ಲ, ಪ್ರಾಣಾಯಾಮ ತಪ್ಪಿಲ್ಲ. ಎಲ್ಲಿ ಎಡವಿದೆವು?

ಮಾರ್ಚ್ 24
ಬಟ್ಟೆ ತರಲು ಮನೆಗೆ ಬಂದೆ. ಫ್ರಿಜ್ಜಿನಲ್ಲಿ, ಹಾಲಿನ ಹಿಂದೆ ಒಂದು ಬಾಟಲಿ. ಬಸಿದ ನೀರು! ಚೆಲ್ಲದೆ ಗ್ರೇವಿಗೆಲ್ಲ ಅದನ್ನೇ ಸುರಿದಿದ್ದಾರೆ ಮಹಾನುಭಾವರು. ನೆಟ್ಟಗೆ ಆಸ್ಪತ್ರೆಗೆ ಹೋಗಿ ಕೇಳಿದೆ.
"ನನ್ ಜೊತೆ ನೀನೂ ಸಪ್ಪೆ ತಿಂತಿದ್ಯಲ್ಲ... ನಿನ್ ಬಾಯಿಗಾದ್ರೂ ರುಚಿ ಇರ್ಲಿ ಅಂತ."
ಬೈಯಲು ಹೋದವಳು ಅತ್ತುಬಿಟ್ಟೆ. ಈ ಮನುಷ್ಯ ನನಗೆ ಬೇಕು. ರುಚಿ ಹಾಳಾಗಿ ಹೋಗಲಿ.
ಸುದ್ದಿ ಕೇಳಿ ಬಂದ ಡಾಕ್ಟರಮ್ಮ ಇಬ್ಬರಿಗೂ ಸರಿಯಾಗಿ ಉಗಿದರು.

ಏಪ್ರಿಲ್ 18
ಪೊಟ್ಯಾಶಿಯಂ ಹಿಡಿತಕ್ಕೆ ಬಂದಿದೆ. ಡಯಾಲಿಸಿಸ್ ಸದ್ಯಕ್ಕೆ ಬೇಡವಂತೆ. ಅಬ್ಬಾ!
ಇವತ್ತು ತಾವೇ ನೀರನ್ನು ಸಿಂಕಿಗೆ ಸುರಿದರು, ಮುಖ ಆ ಕಡೆ ತಿರುಗಿಸಿಕೊಂಡು. ಹಟ ಹಿಡಿದು ನನಗೆ ಬೇರೆ ಪಾತ್ರೆಯಲ್ಲಿ ಮಾಡಿದರು — ಉಪ್ಪು ಹಾಕಿ. ನಾನು ತಿನ್ನುವುದನ್ನು ನೋಡಲು ಎದುರಿಗೇ ಕುಳಿತರು. ಮೊದಲ ತುತ್ತಿಗೇ ಗೊತ್ತಾಯಿತು, ಉಪ್ಪು ವಿಪರೀತ. ನಾಲಿಗೆಗೆ ಹಚ್ಚಿ ನೋಡುವ ಹಾಗಿಲ್ಲವಲ್ಲ ಪಾಪ, ಅಂದಾಜು ತಪ್ಪಿದೆ. ಚೆನ್ನಾಗಿದೆ ಅಂದೆ. ತಟ್ಟೆ ಖಾಲಿ ಮಾಡಿದೆ.
ಈಗ ಸೌಟು ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದಾರೆ. "ಸಂಜೆಗೂ ಇದನ್ನೇ ಮಾಡ್ಲಾ?" ಆ ಮುಖ ನೋಡಿ ಬೇಡ ಅನ್ನಲು ಮನಸ್ಸಾದರೂ ಹೇಗೆ ಬರುತ್ತದೆ?