ತಳ್ಳಿಕೊಂಡೇ ಬಾ

ನನ್ನ ಮಗನ ಗೆಳೆಯನಿಗೆ ಆಶೀರ್ವಾದಗಳು.

ಅರಣ್ಯ ಇಲಾಖೆಯವರು ನಿನ್ನ ಸೈಕಲ್ಲನ್ನು ಕಮರಿಯಿಂದ ಎತ್ತಿ ಇಲ್ಲಿಗೆ ತಂದಿದ್ದಾರೆ. ಹ್ಯಾಂಡಲ್ ಸೊಟ್ಟಗಾಗಿದೆ. ಕೆಸರು ನಾನೇ ತೊಳೆದೆ.

ಕಾಡಿನ ಇಳಿಜಾರಿನಲ್ಲಿ ಸೈಕಲ್ ಬದಲಾಯಿಸಿಕೊಳ್ಳುವುದು ನಿಮ್ಮಿಬ್ಬರ ಹಳೇ ಚಾಳಿ. ಅವನು ಎಡಚ, ತನ್ನ ಸೈಕಲ್ಲಿನ ಬ್ರೇಕುಗಳನ್ನು ಅದಲುಬದಲು ಮಾಡಿಸಿಕೊಂಡಿದ್ದ. ಆ ತಿರುವಿನಲ್ಲಿ ಹಿಂದಿನ ಬ್ರೇಕೆಂದು ನಿನ್ನ ಸೈಕಲ್ಲಿನ ಮುಂದಿನದನ್ನು ಒತ್ತಿದ್ದಾನೆ. ಅವನಿಗೂ ಹೊಳೆಯಲಿಲ್ಲ, ನಿನಗೂ ಹೊಳೆಯಲಿಲ್ಲ.

ಅವನನ್ನು ಮಣ್ಣು ಮಾಡಿದ ದಿನ ನೀನು ನಮ್ಮ ಗೇಟಿನಾಚೆಯೇ ನಿಂತು ಹೊರಟುಹೋದೆಯಂತೆ. "ಆ ಹುಡುಗನಿಗೆ ಒಂದ್ಸಲ ಮುಖ ತೋರಿಸೋಕೆ ಹೇಳು" ಅನ್ನುತ್ತಾರೆ ಇವರು. ಬೈದರೆ ಬೈಸಿಕೋ.

ನಿಮ್ಮ ಮನೆಯಲ್ಲಿರುವ ಅವನ ಸೈಕಲ್ ತಂದುಕೊಡು. ಸಪಾಟು ರಸ್ತೆಯೆಂದು ಹತ್ತಬೇಡ. ಆ ಬ್ರೇಕು ನಿನ್ನ ಕೈಗೆ ಹೊಸದು. ತಳ್ಳಿಕೊಂಡೇ ಬಾ. ಎಷ್ಟು ತಡವಾದರೂ ಗೇಟು ತೆಗೆದಿಟ್ಟಿರುತ್ತೇನೆ.

ಇಂತಿ,
ಅವನ ಅಮ್ಮ