ಕಾನ್ ಟಿಯರ್ನಿಯ ಚೆಂಡಿನ ದಾರ

ನ್ಯೂಯಾರ್ಕ್, 1887. ಮೇ 2, ಸೋಮವಾರ

ಇದು ಕಳ್ಳತನ. ಸಿಗರೇಟು ಕಂಪನಿಯವರು ಬೇಸ್‌ಬಾಲ್ ಆಟಗಾರರ ಚಿತ್ರದ ಕಾರ್ಡುಗಳನ್ನು ಪೊಟ್ಟಣದಲ್ಲಿಟ್ಟು ಮಾರುತ್ತಾರೆ. ಆಟಗಾರರನ್ನು ಒಂದು ಮಾತು ಕೇಳುವುದಿಲ್ಲ. ಇವತ್ತು ನಾನು ಕೆಲಸ ಮಾಡುವ ಫೋಟೋ ಸ್ಟುಡಿಯೋಗೆ ಬಂದವನು ಕಾನ್ ಟಿಯರ್ನಿ. ನಮ್ಮ ಕೆಳಗಿನ ಮನೆಯವನೇ. ಫೋಟೋ ಎಂದಷ್ಟೇ ಹೇಳಿ ಕರೆಸಿದ್ದಾರೆ. ಕೈಗೆ ಕೊಟ್ಟದ್ದು ಒಂದು ಡಬ್ಬಿ ಸಿಗರೇಟು. ಸೇದುವವನೇ ಅಲ್ಲ.

ಜಮಖಾನದ ಮೇಲೆ ನಿಂತ. ಹಿಂದೆ ಪರದೆಯಲ್ಲಿ ಬಿಡಿಸಿದ ಮರಗಳು. ಚಾವಣಿಯಿಂದ ದಾರದಲ್ಲಿ ಚೆಂಡು ನೇತಾಡುತ್ತಿತ್ತು.

“ಹಿಡಿಯೋ ಹಾಗೆ ನಿಂತ್ಕೊ. ಅಲ್ಲಾಡ್ಬೇಡ,” ಎಂದ ಯಜಮಾನ ಗ್ರೂಬರ್.

“ಹೀಗೆ ನಿಂತಲ್ಲೇ ನಿಲ್ಲೋ ಚೆಂಡು ದಿನಾ ಸಿಕ್ರೆ ನಾನು ಅರವತ್ತು ವರ್ಷ ಆಡ್ತೀನಿ ಸ್ವಾಮಿ,” ಎಂದ ಕಾನ್.

ಎಲ್ಲರೂ ನಕ್ಕರು. ನಾನೂ.

ಮೇ 4

ಫೋಟೋದ ನೆಗೆಟಿವ್ ಗಾಜಿನ ಮೇಲೆ ಆ ದಾರವನ್ನು ಪೆನ್ಸಿಲಿನಿಂದ ಮುಚ್ಚುವುದು ನನ್ನ ಕೆಲಸ. ಸುಳ್ಳನ್ನು ನಿಜವಾಗಿಸುವ ಕೆಲಸ. ನಾನು ಓದುವ ಕಾರ್ಮಿಕ ಸಂಘದ ಕರಪತ್ರ ಹೇಳುತ್ತದೆ — ಸುಳ್ಳನ್ನು ದುಡಿಯುವ ಕೈಯೇ ನಿಲ್ಲಿಸಬೇಕು.

ಕಾನ್‌ನ ದಾರ ಮುಚ್ಚಲಿಲ್ಲ. ಕಂಪನಿಯ ಮೋಸ ಜನ ನೋಡಲಿ. ಗ್ರೂಬರ್ ಆತುರದಲ್ಲಿದ್ದ, ಗಮನಿಸಲಿಲ್ಲ. ದಿನವಿಡೀ ಹೆಮ್ಮೆ.

ಜೂನ್ 18, ಶನಿವಾರ

ಆಟಕ್ಕೆ ಹೋಗಿದ್ದೆ. ಎಲ್ಲರ ಜೇಬಿನಲ್ಲೂ ದಾರ ಕಾಣುವ ಆ ಕಾರ್ಡು. ಕಾನ್ ಒಂದು ಚೆಂಡು ಹಿಡಿಯಲಾಗದೆ ಕೈಬಿಟ್ಟ.

“ಲೋ ಟಿಯರ್ನಿ, ದಾರ ಮನೇಲಿ ಬಿಟ್ ಬಂದ್ಯಾ?” ಜನರ ನಡುವಿನಿಂದ ಕೂಗು.

ಯಾರೋ ದಾರಕ್ಕೆ ಆಲೂಗಡ್ಡೆ ಕಟ್ಟಿ ತೂಗಿದ. ಕಾನ್ ಇನ್ನೆರಡು ಬಿಟ್ಟ. ಕಂಪನಿಯ ಹೆಸರನ್ನು ಒಬ್ಬರೂ ಎತ್ತಲಿಲ್ಲ…

ಜುಲೈ 7

ಕಾನ್‌ನನ್ನು ತಂಡದಿಂದ ತೆಗೆದುಹಾಕಿದರು. ಮೆಟ್ಟಿಲ ಮೇಲೆ ಕೂತಿದ್ದ.

“ಚೆಂಡು ಬರೋಕೆ ಮುಂಚೆ ಆ ನಗು ಬರುತ್ತೆ ಟಿಲ್ಲಿ. ಕೈ ಕಟ್ಟಿ ಹಾಕ್ದಂಗಾಗುತ್ತೆ.” ಜೇಬಿನಿಂದ ಕಾರ್ಡು ತೆಗೆದು ನೋಡಿ — “ದಾರ ಮುಚ್ಚೋದು ಯಾರೋ ಮರೆತಿರ್ಬೇಕು, ಅಲ್ವಾ? ಪಾಪ, ಅವ್ರಿಗೂ ಎಷ್ಟು ಕೆಲ್ಸವೋ.”

ಹೂಂ ಎಂದೆ. ಹೂಂ ಎಂದುಬಿಟ್ಟೆ.

ಜುಲೈ 9, ಶನಿವಾರ

ಕರಪತ್ರಗಳನ್ನೆಲ್ಲ ತಿರುವಿ ಹಾಕಿದೆ. ಇದಕ್ಕೆ ಒಂದು ಸಾಲೂ ಇಲ್ಲ. ಅವನ ಪರವಾಗಿ ಹೋರಾಡಿದೆ. ಅವನನ್ನು ಒಂದು ಮಾತು ಕೇಳಲಿಲ್ಲ. ಕಂಪನಿಯೂ ಕೇಳಿರಲಿಲ್ಲ.

ಸೋಮವಾರ ಕಾನ್ ಊರು ಬಿಡುತ್ತಾನೆ. ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಗಣಿಗೆ, ಅಣ್ಣನ ಹತ್ತಿರ. ಅವನನ್ನು ಕಂಡು, ಒಂದು ವಿಷಯ ಹೇಳಬೇಕಿತ್ತು ಎಂದೆ.

“ಹೇಳು, ಇಲ್ಲೇ ಇದೀನಲ್ಲ.”

ಇಲ್ಲಿ ಬೇಡ, ಎಂದೆ.

“ಅಷ್ಟು ದೊಡ್ಡ ವಿಷಯಾನಾ? ಸರಿ, ನಾಳೆ ಚರ್ಚ್ ಮೆಟ್ಲ ಹತ್ರ ಬಾ. ಪ್ರಾರ್ಥನೆ ಮುಗ್ಸಿ ಬರ್ತೀನಿ.” ನಕ್ಕ. ನನಗೆ ಸಮಾಧಾನವಾಗಲೆಂದು ನಕ್ಕ.

ಹೇಳಬೇಕಾದ್ದು ಒಂದೇ ವಾಕ್ಯ. ಅದು ಮರೆತದ್ದಲ್ಲ ಕಾನ್, ಅದನ್ನು —

ನಾಳೆ. ಭಾನುವಾರ, ಬೆಳಿಗ್ಗೆ ಹನ್ನೊಂದಕ್ಕೆ.